ಲಿವರ್ ಗಡ್ಡೆಗೆ ಕಾಂಟ್ರಾಸ್ಟ್ ಎಂಆರ್‌ಐ: ಕೊಡಗಿನಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ನಾನು ಎಂಆರ್‌ಐ ಟೆಕ್ನಿಷಿಯನ್. ಊರು ಸೋಮವಾರಪೇಟೆ ಕಡೆ, ಕೆಲಸ ಮೈಸೂರಿನಲ್ಲಿ. ವಿರಾಜಪೇಟೆ, ನಾಪೋಕ್ಲು, ಶನಿವಾರಸಂತೆ ಕಡೆಯಿಂದ ನಸುಕಿನಲ್ಲೇ ಎದ್ದು ಲಿವರ್ ಪರೀಕ್ಷೆಗೆ ಬರುವವರನ್ನು ನೋಡುತ್ತಲೇ ಇರುತ್ತೇನೆ. ಅವರಲ್ಲಿ ಕೆಲವರು ಪರೀಕ್ಷೆ ಆಗದೆಯೇ ವಾಪಸ್ ಹೋಗುತ್ತಾರೆ. ಇನ್ನು ಕೆಲವರಿಗೆ ಪರೀಕ್ಷೆ ಆಗುತ್ತದೆ, ಆದರೆ ಚಿತ್ರ ಅಲುಗಿ ಹಾಳಾಗಿರುತ್ತದೆ. ದುಡ್ಡು ಹೋಯಿತು, ದಿನ ಹೋಯಿತು, ಗಡ್ಡೆ ಎಂಥದ್ದು ಅಂತ ಮಾತ್ರ ಗೊತ್ತಾಗಲಿಲ್ಲ. ಎಡವುವುದು ಹೆಚ್ಚುಕಡಿಮೆ ಅದೇ ನಾಲ್ಕೈದು ಜಾಗದಲ್ಲಿ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಿ, ಮುಂದಿನ ಎಲ್ಲ ಹಂತಗಳೂ ಅದರ ಮೇಲೇ ನಿಂತಿವೆ. ಗಡ್ಡೆ ಇದೆ ಅನ್ನುವುದು ಅಲ್ಟ್ರಾಸೌಂಡ್‌ನಲ್ಲೇ ಗೊತ್ತಾಗಿದೆ. ಈಗ ಬೇಕಾಗಿರುವುದು ಅದು ಎಂಥ ಗಡ್ಡೆ ಅನ್ನುವುದು. ಲಿವರ್‌ಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇನ್ ಎಂಬ ರಕ್ತನಾಳದಲ್ಲಿ, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಬರುವ ಅಪಧಮನಿಯಲ್ಲಿ. ತೋಟಕ್ಕೆ ಎರಡು ಪೈಪ್‌ಲೈನ್ ಎಳೆದು ಸ್ಪ್ರಿಂಕ್ಲರ್ ಹಾಕಿದ ಹಾಗೆ ಅಂದುಕೊಳ್ಳಿ. ಕೆಲವು ಗಡ್ಡೆಗಳು ಅಪಧಮನಿಯ ಲೈನಿನಿಂದಲೇ ಜಾಸ್ತಿ ನೀರು ಕುಡಿಯುತ್ತವೆ, ಕೆಲವು ನಿಧಾನವಾಗಿ ಅಂಚಿನಿಂದ ಒಳಗೆ ತುಂಬಿಕೊಳ್ಳುತ್ತವೆ, ಕೆಲವು ಕುಡಿಯುವುದೇ ಇಲ್ಲ. ಕೈಯ ನರಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು, ಅದು ಗಡ್ಡೆಗೆ ಯಾವಾಗ ಬಂತು, ಯಾವಾಗ ಹೋಯಿತು ಅಂತ ಸೆಕೆಂಡುಗಳ ಲೆಕ್ಕದಲ್ಲಿ ಚಿತ್ರ ತೆಗೆಯುವುದೇ ಈ ಪರೀಕ್ಷೆ. ಆ ಸೆಕೆಂಡುಗಳು ಕೈತಪ್ಪಿದರೆ ಔಷಧ ವಾಪಸ್ ತೆಗೆದು ಮತ್ತೆ ಕೊಡಲು ಆಗುವುದಿಲ್ಲ.

ಎಂಆರ್‌ಐಗೆ ಕಾಯಬಾರದ ಲಕ್ಷಣಗಳು

ಚಳಿ ನಡುಗಿಸಿ ಜ್ವರ, ಜೊತೆಗೆ ಬಲಪಕ್ಕೆ ಕೆಳಗೆ ನೋವು ಇದ್ದರೆ ಅದು ಲಿವರ್‌ನಲ್ಲಿ ಕೀವು ತುಂಬಿದ ಗಡ್ಡೆ ಇರಬಹುದು. ಅದಕ್ಕೆ ಬೇಕಾಗಿರುವುದು ಕೂಡಲೇ ಡಾಕ್ಟರ್, ಅಲ್ಟ್ರಾಸೌಂಡ್ ಮತ್ತು ಚಿಕಿತ್ಸೆ. ಮುಂದಿನ ವಾರದ ಎಂಆರ್‌ಐ ತಾರೀಖಿಗೆ ಕಾಯುತ್ತಾ ಮನೆಯಲ್ಲಿ ಮಲಗಬೇಡಿ. ಹಠಾತ್ತಾಗಿ ಹೊಟ್ಟೆ ಜೋರಾಗಿ ನೋಯುವುದು, ತಲೆಸುತ್ತಿ ಬೀಳುವುದು, ರಕ್ತ ವಾಂತಿ, ಡಾಂಬರಿನ ಹಾಗೆ ಕಪ್ಪು ಮಲ, ಮಾತು ತಡವರಿಸಿ ಮಂಕಾಗುವುದು, ಇದರಲ್ಲಿ ಯಾವುದೇ ಒಂದು ಕಂಡರೂ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೈಸೂರಿಗೆ ಹೋಗಬೇಕಾ ಬೇಡವಾ ಅನ್ನುವುದನ್ನು ಅವರು ಹೇಳುತ್ತಾರೆ.

ಹಂತ 1: ಚೀಟಿಯಲ್ಲಿ ಏನು ಬರೆದಿದೆ ಓದಿ

ಮೊದಲು ಎಡವುವುದು ಇಲ್ಲೇ. ಚೀಟಿಯಲ್ಲಿ ಬರೀ "ಎಂಆರ್‌ಐ ಅಬ್ಡಮೆನ್" ಅಂತ ಇದ್ದರೆ ಕೆಲವು ಕಡೆ ಔಷಧ ಕೊಡದೆ ಪ್ಲೇನ್ ಪರೀಕ್ಷೆ ಮಾಡಿ ಕಳಿಸುತ್ತಾರೆ. "ಎಂಆರ್‌ಸಿಪಿ" ಅಂದರೆ ಅದು ಪಿತ್ತನಾಳ ನೋಡುವ ಪರೀಕ್ಷೆ. ಕಲ್ಲು ಸಿಕ್ಕಿಕೊಂಡಿದೆಯಾ ಅಂತ ತಿಳಿಯಲು ಅದು ಒಳ್ಳೆಯದು, ಗಡ್ಡೆಯ ಜಾತಿ ಹೇಳಲು ಅದೊಂದೇ ಸಾಲದು. ನಿಮ್ಮ ಚೀಟಿಯಲ್ಲಿ "ಲಿವರ್ ಎಂಆರ್‌ಐ, ಡೈನಾಮಿಕ್ ಕಾಂಟ್ರಾಸ್ಟ್ ಸಮೇತ" ಅನ್ನುವ ಅರ್ಥದ ಮಾತು ಇರಬೇಕು. ಡೈನಾಮಿಕ್ ಅಂದರೆ ಮೇಲೆ ಹೇಳಿದ ಹಾಗೆ ಸೆಕೆಂಡುಗಳ ಲೆಕ್ಕದಲ್ಲಿ ಒಂದರ ಮೇಲೊಂದು ಚಿತ್ರ ತೆಗೆಯುವುದು. ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಜೊತೆಗೆ ಒಂದೆರಡು ಸಾಲು ವಿವರವೂ ಬೇಕು. ಗಡ್ಡೆ ಎಷ್ಟು ಸೆಂಟಿಮೀಟರ್, ಲಿವರ್‌ನ ಯಾವ ಭಾಗ, ಸಿರೋಸಿಸ್ (ಲಿವರ್ ಗಾಯವಾಗಿ ಗಟ್ಟಿಯಾಗುವ ಕಾಯಿಲೆ) ಇದೆಯಾ, ಹೆಪಟೈಟಿಸ್ ಬಿ ಇದೆಯಾ, ಹಿಂದೆ ಎಲ್ಲಾದರೂ ಕ್ಯಾನ್ಸರ್ ಆಗಿತ್ತಾ. ವರದಿ ಬರೆಯುವ ರೇಡಿಯಾಲಜಿಸ್ಟ್ ನಿಮ್ಮನ್ನು ನೋಡಿಯೇ ಇರುವುದಿಲ್ಲ. ಅವರಿಗೆ ನಿಮ್ಮ ಪರಿಚಯ ಅಂದರೆ ಈ ಎರಡು ಸಾಲು. ಒಂದೇ ಚಿತ್ರವನ್ನು ಸಿರೋಸಿಸ್ ಇರುವವರಲ್ಲಿ ಒಂದು ರೀತಿ, ಇಲ್ಲದವರಲ್ಲಿ ಇನ್ನೊಂದು ರೀತಿ ಓದುತ್ತಾರೆ.

ಫೋನ್‌ನಲ್ಲಿ ತಾರೀಖು ತೆಗೆದುಕೊಳ್ಳುವಾಗಲೇ "ಲಿವರ್ ಡೈನಾಮಿಕ್ ಮಾಡುತ್ತೀರಾ" ಅಂತ ಕೇಳಿ. ಎಂಆರ್‌ಐ ಮೆಷಿನ್ ಇದ್ದ ಮಾತ್ರಕ್ಕೆ ಎಲ್ಲ ಕಡೆಯೂ ಈ ಪರೀಕ್ಷೆಯ ರೂಢಿ ಇರುವುದಿಲ್ಲ. ಬೆನ್ನು, ಮಂಡಿ, ತಲೆ ದಿನಾ ಮಾಡುವವರಿಗೂ ಲಿವರ್ ಬೇರೆಯೇ ಕೆಲಸ. ಹೊಟ್ಟೆಯಲ್ಲಿ ತುಂಬಾ ನೀರು ತುಂಬಿದ್ದರೆ ಅದನ್ನೂ ಹೇಳಿ. 3 ಟೆಸ್ಲಾ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಮೆಷಿನ್‌ನಲ್ಲಿ ಆ ನೀರಿನಿಂದ ಚಿತ್ರದ ಮಧ್ಯೆ ಕಪ್ಪು ನೆರಳು ಬೀಳಬಹುದು, ಅಂಥವರಿಗೆ 1.5 ಟೆಸ್ಲಾ ಮೆಷಿನ್ನೇ ಒಳ್ಳೆಯದು.

ಹಂತ 2: ರಕ್ತ ಪರೀಕ್ಷೆ ಊರಲ್ಲೇ ಮುಗಿಸಿ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಬಂದ ಮೇಲೆ "ಕ್ರಿಯಾಟಿನಿನ್ ರಿಪೋರ್ಟ್ ಎಲ್ಲಿ" ಅಂತ ಕೇಳಿಸಿಕೊಂಡು ಲ್ಯಾಬ್ ಮುಂದೆ ಕೂರುವವರು ಬಹಳ. ಕಾಂಟ್ರಾಸ್ಟ್ ಔಷಧ ಮುಖ್ಯವಾಗಿ ಕಿಡ್ನಿ ಮೂಲಕ ಹೊರಗೆ ಹೋಗುತ್ತದೆ. ಅದಕ್ಕೇ ಕಿಡ್ನಿಯ ಕೆಲಸ ತೋರಿಸುವ ಈ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಬೇಕು. ಅದರಿಂದ ಲೆಕ್ಕ ಹಾಕುವ, ಕಿಡ್ನಿ ಎಷ್ಟು ಸೋಸುತ್ತದೆ ಅಂತ ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ, ಅಥವಾ ಡಯಾಲಿಸಿಸ್ ನಡೆಯುತ್ತಿದ್ದರೆ, ಯಾವ ಔಷಧ ಕೊಡಬಹುದು ಅನ್ನುವುದನ್ನು ಡಾಕ್ಟರ್ ಮೊದಲೇ ತೀರ್ಮಾನಿಸಬೇಕು. ಎಂಆರ್‌ಐ ಕಾಂಟ್ರಾಸ್ಟ್ ಅಂದರೆ ಗ್ಯಾಡೋಲಿನಿಯಂ ಎಂಬ ಲೋಹ ಇರುವ ಔಷಧ, ಅವುಗಳಲ್ಲಿ ಕೆಲವು ಹಳೆಯವು ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ, ಕೀಲು ಬಿಗಿಯುವ ಗಂಭೀರ ಕಾಯಿಲೆ ತಂದಿದ್ದವು. ಈಗ ಹೆಚ್ಚಾಗಿ ಬಳಸುವ ಔಷಧಗಳಲ್ಲಿ ಆ ಭಯ ಬಹಳ ಕಡಿಮೆ, ಆದರೂ ಪರೀಕ್ಷೆಗೆ ಮುಂಚೆ ಕಿಡ್ನಿ ಸ್ಥಿತಿ ಗೊತ್ತಿರಬೇಕು.

ಅದೇ ದಿನ ಲಿವರ್ ಫಂಕ್ಷನ್ ಟೆಸ್ಟ್, ಹೆಪಟೈಟಿಸ್ ಬಿ ಮತ್ತು ಸಿ, ಲಿವರ್ ಕ್ಯಾನ್ಸರ್ ಸುಳಿವು ಕೊಡುವ ಎಎಫ್‌ಪಿ ಇವುಗಳನ್ನೂ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಅಂಶ) ಜಾಸ್ತಿ ಇದ್ದರೆ ಒಂದು ಬಗೆಯ ಕಾಂಟ್ರಾಸ್ಟನ್ನು ಲಿವರ್ ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಅದರ ವಿಷಯ 4ನೇ ಹಂತದಲ್ಲಿದೆ.

ಇತ್ತೀಚೆಗೆ ನರಕ್ಕೆ ಕಬ್ಬಿಣಾಂಶದ ಡ್ರಿಪ್ ಹಾಕಿಸಿಕೊಂಡಿದ್ದರೆ ಮರೆಯದೆ ಹೇಳಿ. ರಕ್ತಹೀನತೆಗೆ ಇದನ್ನು ಕೊಡುತ್ತಾರೆ. ಕಬ್ಬಿಣ ಲಿವರ್‌ನಲ್ಲಿ ಕೂತಿದ್ದರೆ ಎಂಆರ್‌ಐ ಚಿತ್ರದಲ್ಲಿ ಲಿವರ್ ಇಡೀ ಕಪ್ಪಾಗಿ ಕಾಣಬಹುದು.

ಹಳೆಯ ದಾಖಲೆ ಎಲ್ಲವನ್ನೂ ತನ್ನಿ. ಎರಡು ವರ್ಷದ ಹಿಂದಿನ ಸಿ.ಟಿ. ಸ್ಕ್ಯಾನ್‌ನಲ್ಲೂ ಇದೇ ಗಡ್ಡೆ ಇಷ್ಟೇ ಗಾತ್ರ ಇತ್ತು ಅಂತ ಗೊತ್ತಾದರೆ ಎಷ್ಟೋ ಭಯ ಅಲ್ಲೇ ಕಳೆಯುತ್ತದೆ. ಒಮ್ಮೆ ಭಾಗಮಂಡಲ ಕಡೆಯ ಒಬ್ಬರು ಹಳೆಯ ಫಿಲ್ಮ್ ತಂದಿದ್ದರು. ಮಳೆಗಾಲವಿಡೀ ಅಟ್ಟದ ಮೇಲೆ ಇಟ್ಟಿದ್ದರಂತೆ. ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಬಿಡಿಸಿದಾಗ ಲಿವರ್ ಇದ್ದ ಜಾಗವೇ ಕಿತ್ತು ಬಂತು. ಆ ಮನುಷ್ಯನ ಮುಖ ನನಗಿನ್ನೂ ನೆನಪಿದೆ. ನಮ್ಮ ಜಿಲ್ಲೆಯ ತೇವಕ್ಕೆ ಫಿಲ್ಮ್ ಉಳಿಯುವುದು ಕಷ್ಟ. ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಟ್ಟೆಯ ಬೀರುವಿನಲ್ಲಿ ಇಡಿ. ಒಲೆಯ ಹತ್ತಿರವೂ ಬೇಡ, ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಬೇಡ, ಬಿಸಿಗೆ ಕೆಲವು ಫಿಲ್ಮ್ ಕಪ್ಪಾಗುತ್ತವೆ.

ಹಂತ 3: ಮೈಯಲ್ಲಿರುವ ಲೋಹದ ಲೆಕ್ಕ

ಎಂಆರ್‌ಐ ಅಂದರೆ ದೊಡ್ಡ ಅಯಸ್ಕಾಂತ. ಅದು ಯಾವಾಗಲೂ ಆನ್ ಆಗಿಯೇ ಇರುತ್ತದೆ, ಪರೀಕ್ಷೆ ನಡೆಯದಾಗಲೂ. ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು ತಾರೀಖು ತೆಗೆದುಕೊಳ್ಳುವಾಗಲೇ ಹೇಳಬೇಕು. ಅದರ ಕಾರ್ಡ್ ತರಬೇಕು. ಕೆಲವು ಹೊಸ ಪೇಸ್‌ಮೇಕರ್‌ಗಳು ಷರತ್ತಿನ ಮೇಲೆ ನಡೆಯುತ್ತವೆ, ಆದರೆ ಕಾರ್ಡ್ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಹೃದಯದ ಸ್ಟೆಂಟ್, ಮೂಳೆಗೆ ಹಾಕಿದ ರಾಡ್, ಪ್ಲೇಟ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಹೇಳಿ.

ಕೊಡಗಿನವರಿಗೆ ವಿಶೇಷವಾಗಿ ಕೇಳುವ ಪ್ರಶ್ನೆ ಒಂದಿದೆ. ಎಂದಾದರೂ ಕೋವಿ ಗುಂಡು ತಗುಲಿದೆಯಾ? ಕೋವಿ ಇರುವ ಮನೆಗಳು ನಮ್ಮಲ್ಲಿ ಜಾಸ್ತಿ. ಹುಡುಗನಾಗಿದ್ದಾಗ ಹಂದಿ ಬೇಟೆಯಲ್ಲೋ, ಕೋವಿ ಒರೆಸುವಾಗಲೋ ತೊಡೆಗೆ ಹೊಕ್ಕ ಚಿಕ್ಕ ಗುಂಡುಗಳು 40 ವರ್ಷವಾದರೂ ಅಲ್ಲೇ ಇರುತ್ತವೆ. ನೋವಿಲ್ಲ ಅಂತ ಮರೆತೇ ಹೋಗಿರುತ್ತದೆ. ಸೀಸದ ಗುಂಡು ಅಯಸ್ಕಾಂತಕ್ಕೆ ಎಳೆಯುವುದಿಲ್ಲ, ಉಕ್ಕಿನದು ಎಳೆಯುತ್ತದೆ. ಯಾವುದು ಅಂತ ನೆನಪಿನಿಂದ ಹೇಳಲು ಆಗುವುದಿಲ್ಲ, ಅಲ್ವಾ? ಮೊದಲು ಒಂದು ಎಕ್ಸ್‌ರೇ ತೆಗೆಸಿ. ಚೂರು ಕಣ್ಣು, ಬೆನ್ನುಹುರಿ, ದೊಡ್ಡ ರಕ್ತನಾಳದ ಹತ್ತಿರ ಇದೆಯಾ ನೋಡಿ ರೇಡಿಯಾಲಜಿಸ್ಟ್ ತೀರ್ಮಾನಿಸುತ್ತಾರೆ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿ ಕಣ್ಣಿಗೆ ಕಬ್ಬಿಣದ ಕಿಡಿ ಹೊಕ್ಕಿದ್ದವರಿಗೂ ಇದೇ ಮಾತು.

ಕರಿಮಣಿ, ಪತ್ತಾಕ್, ಬಳೆ, ಕಾಲುಂಗುರ, ಉಡುದಾರದ ತಾಯತ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ತೆಗೆಯಲು ಮನಸ್ಸಿಲ್ಲದವರಿಗೆ ಬಾಗಿಲಲ್ಲಿ ನಿಂತು ಒತ್ತಾಯ ಮಾಡುವುದು ನಮಗೂ ಬೇಸರದ ಕೆಲಸ. ಮನೆಯಲ್ಲಿ ದೊಡ್ಡವರ ಜೊತೆ ಮೊದಲೇ ಮಾತಾಡಿಕೊಂಡರೆ ಸುಲಭ.

ಗರ್ಭಿಣಿ ಅಥವಾ ಇರಬಹುದು ಅನ್ನುವ ಅನುಮಾನ ಇದ್ದರೆ ಹೇಳಲೇಬೇಕು. ಗರ್ಭಿಣಿಯರಿಗೆ ಈ ಕಾಂಟ್ರಾಸ್ಟ್ ತೀರಾ ಅನಿವಾರ್ಯ ಆಗದ ಹೊರತು ಕೊಡುವುದಿಲ್ಲ. ಎದೆಹಾಲು ಕುಡಿಸುವ ತಾಯಂದಿರು ಹಾಲು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಹಂತ 4: ಯಾವ ಕಾಂಟ್ರಾಸ್ಟ್ ಅಂತ ಕೇಳಿ

ಇಲ್ಲಿ ಎರಡು ಬಗೆ ಇದೆ. ಒಂದು ಸಾಮಾನ್ಯ ಗ್ಯಾಡೋಲಿನಿಯಂ ಔಷಧ. ರಕ್ತದಲ್ಲಿ ಓಡಾಡಿ ಕಿಡ್ನಿಯಿಂದ ಹೊರಗೆ ಹೋಗುತ್ತದೆ. ಗ್ಯಾಡೋಬುಟ್ರಾಲ್, ಗ್ಯಾಡೋಟೆರೇಟ್ ಈ ಬಗೆಯವು. ಇನ್ನೊಂದು ಲಿವರ್‌ನ ಜೀವಕೋಶಗಳೇ ಹೀರಿಕೊಳ್ಳುವ ಔಷಧ. ಗ್ಯಾಡಾಕ್ಸೆಟೇಟ್ ಅಂಥದ್ದು. ಕೊಟ್ಟಿದ್ದರಲ್ಲಿ ಸುಮಾರು ಅರ್ಧ ಲಿವರ್ ಒಳಗೆ ಹೋಗಿ ಪಿತ್ತದ ಜೊತೆ ಹೊರಬರುತ್ತದೆ. ಅದರಿಂದ 20 ನಿಮಿಷ ಬಿಟ್ಟು ಇನ್ನೊಂದು ಸುತ್ತು ಚಿತ್ರ ತೆಗೆಯಬಹುದು. ಆಗ ಆರೋಗ್ಯವಾದ ಲಿವರ್ ಬೆಳ್ಳಗೆ ಹೊಳೆಯುತ್ತದೆ. ಲಿವರ್ ಜೀವಕೋಶ ಇಲ್ಲದ ಗಡ್ಡೆ ಅದರ ಮಧ್ಯೆ ಕಪ್ಪು ತೂತಿನ ಹಾಗೆ ಕಾಣುತ್ತದೆ. ಬೇರೆ ಕಡೆಯಿಂದ ಹರಡಿದ ಸಣ್ಣ ಸಣ್ಣ ಗಡ್ಡೆ ಹುಡುಕಲು ಇದು ತುಂಬಾ ಉಪಯೋಗ.

ಹಾಗಂತ ದುಬಾರಿಯದ್ದೇ ಯಾವಾಗಲೂ ಒಳ್ಳೆಯದು ಅಂತಲ್ಲ. ಹಿಮ್ಯಾಂಜಿಯೋಮಾ (ರಕ್ತನಾಳಗಳ ಗೊಂಚಲಿನ ನಿರುಪದ್ರವಿ ಗಡ್ಡೆ) ಅನುಮಾನ ಇದ್ದರೆ ಸಾಮಾನ್ಯ ಔಷಧದಲ್ಲೇ ನಿಚ್ಚಳವಾಗಿ ಗೊತ್ತಾಗುತ್ತದೆ. ಕಾಮಾಲೆ ಜೋರಾಗಿದ್ದರೆ ಗ್ಯಾಡಾಕ್ಸೆಟೇಟ್ ಲಿವರ್ ಒಳಗೆ ಸರಿಯಾಗಿ ಹೋಗುವುದಿಲ್ಲ, ದುಡ್ಡು ದಂಡ. ಉಸಿರು ಹಿಡಿಯಲು ಕಷ್ಟ ಇರುವವರಿಗೂ ಅದು ಸ್ವಲ್ಪ ತೊಡಕು. ಔಷಧ ಹೋದ ಕೂಡಲೇ ಕೆಲವರಿಗೆ ಕೆಲವು ಸೆಕೆಂಡು ಉಸಿರು ಕಟ್ಟಿದ ಹಾಗೆ ಆಗುತ್ತದೆ, ಅದೂ ಮುಖ್ಯ ಚಿತ್ರ ತೆಗೆಯುವ ಹೊತ್ತಿಗೆ ಸರಿಯಾಗಿ. ಯಾವುದು ಬೇಕು ಅನ್ನುವುದು ಡಾಕ್ಟರ್ ತೀರ್ಮಾನ. ಯಾಕೆ ಇದು ಅಂತ ಕೇಳುವುದು ನಿಮ್ಮ ಹಕ್ಕು.

"ನನಗೆ ಸೀಗಡಿ ಆಗುವುದಿಲ್ಲ, ಡೈ ಬೇಡ" ಅಂತ ಎಷ್ಟೋ ಜನ ಹೇಳುತ್ತಾರೆ. ಸೀಗಡಿಗೂ ಇದಕ್ಕೂ ಸಂಬಂಧ ಇಲ್ಲ. ಸಿ.ಟಿ.ಗೆ ಕೊಡುವುದು ಅಯೋಡಿನ್ ಇರುವ ಔಷಧ, ಇದು ಬೇರೆಯೇ. ಆದರೆ ಹಿಂದೆ ಎಂಆರ್‌ಐ ಔಷಧಕ್ಕೇ ಮೈ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಮುಂಚೆಯೇ ಹೇಳಿ. ಇದನ್ನು ಮುಚ್ಚಿಡಬೇಡಿ.

ಹಂತ 5: ಉಸಿರು ಹಿಡಿಯುವ ಅಭ್ಯಾಸ

ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಲಿವರ್ ಎದೆ ಮತ್ತು ಹೊಟ್ಟೆಯ ನಡುವಿನ ಪಟಲದ ಕೆಳಗೆ ಅಂಟಿಕೊಂಡ ಹಾಗಿದೆ. ನೀವು ಉಸಿರಾಡಿದಾಗ ಅದು ಮೇಲೆ ಕೆಳಗೆ ಹೋಗುತ್ತದೆ. 1 ಸೆಂಟಿಮೀಟರ್ ಗಡ್ಡೆಯನ್ನು ಅಲುಗುವ ಲಿವರ್‌ನಲ್ಲಿ ಹಿಡಿಯುವುದು ಅಂದರೆ ಓಡುವ ಬಸ್ಸಿನ ನಂಬರ್ ಓದಿದ ಹಾಗೆ.

ಪರೀಕ್ಷೆಯಲ್ಲಿ ಹಲವು ಸಲ, ಒಂದೊಂದು ಸಲಕ್ಕೆ 10ರಿಂದ 20 ಸೆಕೆಂಡು ಉಸಿರು ಹಿಡಿಯಬೇಕು. ಹೆಚ್ಚಾಗಿ ಉಸಿರು ಹೊರಗೆ ಬಿಟ್ಟು ಹಿಡಿಯಲು ಹೇಳುತ್ತೇವೆ. ತುಂಬಾ ಎಳೆದುಕೊಂಡು ಹಿಡಿದರೆ ಒಂದೊಂದು ಸಲ ಒಂದೊಂದು ಅಳತೆ ಆಗಿ ಲಿವರ್ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಬಿಟ್ಟು ಹಿಡಿದರೆ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ಮಂಚದ ಮೇಲೆ ಅಂಗಾತ ಮಲಗಿ. ಹೊಟ್ಟೆಯ ಮೇಲೆ ನಿಮ್ಮದೇ ಕೈ ಇಟ್ಟುಕೊಳ್ಳಿ. ಸಾಧಾರಣವಾಗಿ ಉಸಿರು ತೆಗೆದುಕೊಂಡು, ಸಾಧಾರಣವಾಗಿ ಬಿಡಿ. ಬಿಟ್ಟ ಮೇಲೆ ಅಲ್ಲೇ ನಿಲ್ಲಿಸಿ. ಮನೆಯವರು ಗಡಿಯಾರ ನೋಡಿ ಎಣಿಸಲಿ. ಕೈ ಅಲುಗಿತು ಅಂದರೆ ಉಸಿರಾಡಿದಿರಿ ಅಂತ ಅರ್ಥ. ಮೊದಲ ದಿನ 8 ಸೆಕೆಂಡ್ ಆದರೂ ಬೇಸರ ಬೇಡ. ನಾಲ್ಕೈದು ದಿನ, ಬೆಳಿಗ್ಗೆ ಸಂಜೆ ಐದೈದು ಸಲ ಮಾಡಿದರೆ ಬಹಳ ಜನ 15 ಮುಟ್ಟುತ್ತಾರೆ. ದಮ್ಮು ಇರುವವರು ಸುಮ್ನೆ ಒದ್ದಾಡಬೇಡಿ. ಎಷ್ಟು ಸೆಕೆಂಡ್ ಆಗುತ್ತದೆ ಅಂತ ಎಣಿಸಿಕೊಂಡು ಬಂದು ನಮಗೆ ಹೇಳಿ, ಅಷ್ಟಕ್ಕೆ ಮೆಷಿನ್ ಹೊಂದಿಸಿಕೊಳ್ಳಬಹುದು. ಕೆಮ್ಮು, ನೆಗಡಿ ಜೋರಾಗಿದ್ದರೆ ತುರ್ತಿಲ್ಲ ಅಂತ ಡಾಕ್ಟರ್ ಹೇಳಿದ ಪಕ್ಷದಲ್ಲಿ ತಾರೀಖು ಮುಂದಕ್ಕೆ ಹಾಕಿಸಿ.

ಭಾಷೆಯ ವಿಷಯವೂ ಇಲ್ಲೇ ಹೇಳಬೇಕು. ಕೆಲವು ಮೆಷಿನ್‌ಗಳಲ್ಲಿ "ಬ್ರೀದ್ ಇನ್, ಬ್ರೀದ್ ಔಟ್, ಹೋಲ್ಡ್" ಅಂತ ರೆಕಾರ್ಡ್ ಮಾಡಿದ ಇಂಗ್ಲಿಷ್ ದನಿ ಬರುತ್ತದೆ. ನಾನು ಹಿಂದೆ ಇದ್ದ ಒಂದು ಕೇಂದ್ರದಲ್ಲಿ ಒಬ್ಬರು ಅಜ್ಜಿ ಪರೀಕ್ಷೆಗೆ ಬಂದಿದ್ದರು. ಆ ದನಿ ಬಂದಾಗಲೆಲ್ಲ ಯಾರೋ ತಮ್ಮನ್ನು ಮಾತಾಡಿಸುತ್ತಿದ್ದಾರೆ ಅಂದುಕೊಂಡು "ಹಾಂ, ಹೇಳಪ್ಪ" ಅನ್ನುತ್ತಿದ್ದರು. ಮುಖ್ಯ ಚಿತ್ರ ಪೂರ್ತಿ ಅಲುಗಿತ್ತು. ತಪ್ಪು ಅವರದಲ್ಲ, ನಮ್ಮದು. ಎರಡನೇ ಸಲ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ಮಲಗಿಸಿ, "ಅಜ್ಜಿ, ಉಸಿರು ಬಿಡಿ, ಈಗ ಹಿಡಿಯಿರಿ, ನಾನು ಉಸಿರಾಡಿ ಅನ್ನುವವರೆಗೂ ಮಾತಿಲ್ಲ" ಅಂತ ಆರೇಳು ಸಲ ಮಾಡಿಸಿದೆ. ಒಳಗೂ ನನ್ನದೇ ದನಿಯಲ್ಲಿ ಹೇಳಿದೆ. ಗಾಜಿನಷ್ಟು ಸ್ಪಷ್ಟ ಚಿತ್ರ ಬಂತು. ನಿಮ್ಮ ಜೊತೆ ಬಂದ ಹಿರಿಯರಿಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಮಾತ್ರ ಬಂದರೆ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಮೂರು ಮಾತು ಸಾಕು: ಬಿಡಿ, ಹಿಡಿಯಿರಿ, ಉಸಿರಾಡಿ. ಆ ಮೂರನ್ನು ಅವರ ಭಾಷೆಯಲ್ಲಿ ಕಲಿತುಕೊಳ್ಳಲು ನಮಗೆ ಒಂದು ನಿಮಿಷ ಸಾಕು. ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರನ್ನು ಕರೆತರುವ ಮಾಲೀಕರು ಇದನ್ನು ದಯವಿಟ್ಟು ಗಮನಿಸಿ.

ಹಂತ 6: ಹೊರಡುವ ದಿನ

ಪರೀಕ್ಷೆಗೆ 4ರಿಂದ 6 ಗಂಟೆ ಮುಂಚಿನಿಂದ ಏನೂ ತಿನ್ನಬೇಡಿ. ಹೊಟ್ಟೆ ಖಾಲಿ ಇದ್ದರೆ ಕರುಳಿನ ಓಡಾಟ ಕಡಿಮೆ, ಪಿತ್ತಕೋಶ ತುಂಬಿ ಚೆನ್ನಾಗಿ ಕಾಣುತ್ತದೆ. ನಮ್ಮವರು ಊಟ ಬಿಡುತ್ತಾರೆ, ಕಾಫಿ ಬಿಡುವುದಿಲ್ಲ. "ಏನೂ ತಿಂದಿಲ್ಲ, ಬರೀ ಒಂದು ಲೋಟ ಕಾಫಿ" ಅನ್ನುತ್ತಾರೆ. ಹಾಲು ಹಾಕಿದ ಕಾಫಿ ಕುಡಿದರೆ ಪಿತ್ತಕೋಶ ಕುಗ್ಗುತ್ತದೆ. ಅದೊಂದು ದಿನ ಬಿಡಿ. ಪರೀಕ್ಷೆ ಮುಗಿದ ಮೇಲೆ ಕುಡಿಯಿರಿ, ಫ್ಲಾಸ್ಕಿನಲ್ಲಿ ತಂದಿಟ್ಟುಕೊಂಡರೂ ಆಯಿತು. ಸ್ವಲ್ಪ ನೀರು ಕುಡಿಯಬಹುದು. ಬಿಪಿ ಮಾತ್ರೆ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವುದು ಹೇಗೆ ಅಂತ ಡಾಕ್ಟರನ್ನು ಕೇಳಿಕೊಂಡೇ ಹೊರಡಿ, ಬೆಳಗಿನ ಮೊದಲ ಸಮಯ ಕೇಳಿ ತೆಗೆದುಕೊಳ್ಳಿ.

ಕೊಡಗಿಗೆ ರೈಲಿಲ್ಲ, ಇರುವುದು ರಸ್ತೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಕಡೆ ಹೋಗುವವರು ಸಂಪಾಜೆ ಘಾಟಿಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಆಗುವುದಾದರೆ ಹಿಂದಿನ ರಾತ್ರಿಯೇ ಬಂದು ತಂಗಿ. ಘಾಟಿಯ ತಿರುವಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ಬಂದವರಿಗೆ ಉಸಿರು ಹಿಡಿಯುವುದು ನಿಜಕ್ಕೂ ಕಷ್ಟ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ, ಈ ಪರೀಕ್ಷೆ ಅದರಲ್ಲಿ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮುಂಚೆಯೇ ಕೇಳಿ. ಬಿಲ್ ಆದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಹಂತ 7: ಮೆಷಿನ್ ಒಳಗೆ ಏನೇನು, ಯಾವ ಕ್ರಮದಲ್ಲಿ

ಕೈಯ ನರಕ್ಕೆ ಔಷಧ ಕೊಡುವ ಸಣ್ಣ ನಳಿಕೆ, ಅಂದರೆ ಕ್ಯಾನುಲಾ ಹಾಕುತ್ತಾರೆ. ಮೊಣಕೈ ಮಡಚುವ ಜಾಗದ ನರ ಒಳ್ಳೆಯದು, ಔಷಧ ಬೇಗ ಹೋಗುತ್ತದೆ. ಹೊಟ್ಟೆಯ ಮೇಲೆ ಹೊದಿಕೆಯಂಥ ಒಂದು ಕಾಯಿಲ್ ಕಟ್ಟುತ್ತಾರೆ. ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್. ಕೈಗೆ ಒಂದು ರಬ್ಬರ್ ಬಲ್ಬ್ ಕೊಡುತ್ತಾರೆ, ಏನಾದರೂ ತೊಂದರೆ ಆದರೆ ಒತ್ತಿ. ಒಟ್ಟು 30ರಿಂದ 45 ನಿಮಿಷ.

ಮೊದಲ ಭಾಗ ಔಷಧ ಇಲ್ಲದ್ದು. ಟಿ2 ಚಿತ್ರದಲ್ಲಿ ನೀರಿನ ಅಂಶ ಬೆಳ್ಳಗೆ ಕಾಣುತ್ತದೆ. ಇನ್-ಫೇಸ್, ಔಟ್-ಫೇಸ್ ಎಂಬ ಜೋಡಿ ಚಿತ್ರದಲ್ಲಿ ಕೊಬ್ಬು ಎಲ್ಲಿದೆ ಅಂತ ಗೊತ್ತಾಗುತ್ತದೆ. ಡಿಫ್ಯೂಷನ್ ಚಿತ್ರದಲ್ಲಿ ಜೀವಕೋಶಗಳು ಒತ್ತೊತ್ತಾಗಿರುವ ಜಾಗ ಎದ್ದು ಕಾಣುತ್ತದೆ. ಕೊನೆಗೆ ಔಷಧ ಕೊಡುವ ಮುಂಚಿನ ಒಂದು ಟಿ1 ಚಿತ್ರ. ಮುಂದಿನದೆಲ್ಲವನ್ನೂ ಇದಕ್ಕೆ ಹೋಲಿಸಿ ನೋಡಬೇಕು.

ಆಮೇಲೆ ಔಷಧ. ಕೈ ತಣ್ಣಗಾಗುತ್ತದೆ. ಬಾಯಲ್ಲಿ ಲೋಹದ ರುಚಿ ಬರಬಹುದು, ಸ್ವಲ್ಪ ವಾಕರಿಕೆ ಬರಬಹುದು. ಇದು ಮಾಮೂಲು. ಇಲ್ಲಿಂದ ಗಡಿಯಾರದ ಆಟ.

ಸುಮಾರು 35 ಸೆಕೆಂಡಿಗೆ ಅಪಧಮನಿ ಹಂತ. ಅತಿ ಮುಖ್ಯ ಇದೇ, ಹಾಳಾಗುವುದೂ ಇದೇ. ಔಷಧದ ತಂಪಿಗೆ ಬೆಚ್ಚಿ ಉಸಿರು ಎಳೆದುಕೊಂಡರೆ ಇದು ಹೋಯಿತು. ಸುಮಾರು 70 ಸೆಕೆಂಡಿಗೆ ಪೋರ್ಟಲ್ ಹಂತ. 3ರಿಂದ 5 ನಿಮಿಷಕ್ಕೆ ತಡವಾದ ಹಂತ. ಗ್ಯಾಡಾಕ್ಸೆಟೇಟ್ ಕೊಟ್ಟಿದ್ದರೆ 20 ನಿಮಿಷಕ್ಕೆ ಲಿವರ್ ಜೀವಕೋಶದ ಹಂತ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಅಂದರೆ ಉಸಿರು ಹಿಡಿಯಿರಿ ಅಂದಾಗ "ಆಯ್ತು" ಅನ್ನುವುದು, ತಲೆ ಆಡಿಸುವುದು, ಮೆಷಿನ್ ಸದ್ದು ನಿಂತ ಕೂಡಲೇ ನಾವು ಹೇಳುವ ಮುಂಚೆಯೇ ಉಸಿರಾಡುವುದು. ಕ್ಯಾನುಲಾ ಇರುವ ಕೈ ಮಡಚಿದರೆ ಔಷಧ ಅರ್ಧಕ್ಕೆ ನಿಲ್ಲುತ್ತದೆ. ಸೂಜಿ ಇರುವಲ್ಲಿ ಉರಿ, ಊತ ಆದರೆ ಮಾತ್ರ ತಡ ಮಾಡದೆ ಬಲ್ಬ್ ಒತ್ತಿ, ಔಷಧ ನರದ ಹೊರಗೆ ಹೋಗುತ್ತಿರಬಹುದು.

ಒಳಗೆ ಹೋದರೆ ಭಯ ಆಗುತ್ತದೆ ಅನ್ನುವವರು ನಿದ್ದೆ ಮಾತ್ರೆ ಕೇಳುತ್ತಾರೆ. ಲಿವರ್ ಪರೀಕ್ಷೆಗೆ ಅದು ಎರಡಲುಗಿನ ಕತ್ತಿ, ಮಂಪರಿನಲ್ಲಿ ಉಸಿರಿನ ಸೂಚನೆ ಪಾಲಿಸಲು ಆಗುವುದಿಲ್ಲ. ಬದಲಿಗೆ ಕಾಲು ಮುಂದಾಗಿ ಒಳಗೆ ಹೋಗುವ ಹಾಗೆ ಮಲಗಿಸಬಹುದಾ ಕೇಳಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋದರೂ ಕೆಲವರಿಗೆ ಹಗುರ ಅನ್ನಿಸುತ್ತದೆ.

ಹಂತ 8: ಮುಗಿದ ಮೇಲೆ ಅರ್ಧ ಗಂಟೆ

ಕೂಡಲೇ ಬಸ್ ಸ್ಟ್ಯಾಂಡಿಗೆ ಓಡಬೇಡಿ. ಸುಮಾರು 30 ನಿಮಿಷ ಅಲ್ಲೇ ಕೂತಿರಿ. ಮೈ ತುರಿಕೆ, ದದ್ದು, ಗಂಟಲು ಬಿಗಿತ, ಉಸಿರಾಟದಲ್ಲಿ ಸಿಳ್ಳೆ, ಮುಖ ಊದುವುದು ಕಂಡರೆ ಸಿಬ್ಬಂದಿಯನ್ನು ಕೂಗಿ ಕರೆಯಿರಿ. ಇದು ಆಗುವುದು ಅಪರೂಪ, ಆದರೆ ಆಗುವುದೇ ಆದರೆ ಹುಣಸೂರು ರಸ್ತೆಯ ಬಸ್ಸಿನಲ್ಲಿ ಆಗುವುದಕ್ಕಿಂತ ಆಸ್ಪತ್ರೆಯಲ್ಲಿ ಆಗಲಿ.

ಹಂತ 9: ಸಿ.ಡಿ. ಇಲ್ಲದೆ ಹೊರಡಬೇಡಿ

ನೂರಾರು ಚಿತ್ರ ತೆಗೆದಿರುತ್ತೇವೆ. ಫಿಲ್ಮ್ ಮೇಲೆ ಮುದ್ರಿಸುವುದು ಅದರಲ್ಲಿ ಕೆಲವನ್ನು ಮಾತ್ರ. ಅದರ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ದೊಡ್ಡ ಡಾಕ್ಟರಿಗೂ ಏನೂ ಹೇಳಲು ಆಗುವುದಿಲ್ಲ. ಎಲ್ಲ ಹಂತದ ಚಿತ್ರಗಳು ಇರುವ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ತೆಗೆದುಕೊಳ್ಳಿ, ತೆರೆದುಕೊಳ್ಳುತ್ತದಾ ಅಂತ ಅಲ್ಲೇ ನೋಡಿಸಿ. ಮನೆಗೆ ಹೋದ ಮೇಲೆ ಇನ್ನೊಂದು ಪ್ರತಿ ಮಾಡಿ. ಕೊಟ್ಟ ಔಷಧದ ಹೆಸರು ವರದಿಯಲ್ಲಿ ಇರಬೇಕು. ಯಾವ ಔಷಧ ಅನ್ನುವುದರ ಮೇಲೆ ಅದೇ ಚಿತ್ರದ ಅರ್ಥ ಬದಲಾಗುತ್ತದೆ.

ಹಂತ 10: ವರದಿ ಓದುವುದು

ರೋಗ ತೀರ್ಮಾನ ಡಾಕ್ಟರದ್ದು. ಆದರೆ ವರದಿಯ ಮಾತು ಅರ್ಥವಾದರೆ ಸರಿಯಾದ ಪ್ರಶ್ನೆ ಕೇಳಬಹುದು.

ಟಿ2ನಲ್ಲಿ ನೀರಿನಂತೆ ಬಿಳುಪು, ಔಷಧ ಸ್ವಲ್ಪವೂ ಹೀರಿಲ್ಲ ಅಂತಿದ್ದರೆ ಅದು ಸಾಮಾನ್ಯವಾಗಿ ಸಾದಾ ನೀರ್ಗುಳ್ಳೆ, ಸಿಸ್ಟ್. ಟಿ2ನಲ್ಲಿ ಬಲ್ಬಿನ ಹಾಗೆ ಬಿಳುಪು, ಔಷಧ ಅಂಚಿನಲ್ಲಿ ತುಂಡುತುಂಡಾಗಿ ಶುರುವಾಗಿ ನಿಧಾನವಾಗಿ ಒಳಗೆ ತುಂಬಿದೆ ಅಂತಿದ್ದರೆ ಹಿಮ್ಯಾಂಜಿಯೋಮಾ. ಇದು ರಕ್ತನಾಳಗಳ ಗೊಂಚಲು, ಕ್ಯಾನ್ಸರ್ ಅಲ್ಲ. ಲಿವರ್‌ನ ನಿರುಪದ್ರವಿ ಗಡ್ಡೆಗಳಲ್ಲಿ ಬಹಳ ಸಾಮಾನ್ಯ. ಹೆಚ್ಚಿನವರಿಗೆ ಏನೂ ಮಾಡಬೇಕಾಗಿಲ್ಲ. ಇದೆಂದು ಖಚಿತವಾದರೆ ಸೂಜಿ ಚುಚ್ಚಿ ಬಯಾಪ್ಸಿ ತೆಗೆಯುವ ಅಪಾಯವೂ ತಪ್ಪುತ್ತದೆ. ಈ ಪರೀಕ್ಷೆಯನ್ನು ಸರಿಯಾಗಿ ಮಾಡಿಸಿ ಅಂತ ನಾನು ಇಷ್ಟು ಹಠ ಹಿಡಿಯುವುದು ಇದಕ್ಕೇ.

ಅಪಧಮನಿ ಹಂತದಲ್ಲಿ ಇಡೀ ಗಡ್ಡೆ ಒಮ್ಮೆಲೇ ಹೊಳೆದು, ಮಧ್ಯೆ ನಕ್ಷತ್ರದಂಥ ಗಾಯದ ಗುರುತು, 20 ನಿಮಿಷದ ಚಿತ್ರದಲ್ಲೂ ಲಿವರ್‌ನಷ್ಟೇ ಅಥವಾ ಅದಕ್ಕಿಂತ ಬೆಳ್ಳಗೆ ಉಳಿದರೆ ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ. ಇದೂ ನಿರುಪದ್ರವಿ. ಅಡಿನೋಮಾ (ಲಿವರ್ ಜೀವಕೋಶಗಳದೇ ಇನ್ನೊಂದು ಬಗೆಯ ಗಡ್ಡೆ) ಆದರೆ ಒಳಗೆ ಕೊಬ್ಬು ಅಥವಾ ರಕ್ತ ಇರಬಹುದು, 20 ನಿಮಿಷದಲ್ಲಿ ಹೆಚ್ಚಾಗಿ ಕಪ್ಪಾಗುತ್ತದೆ. ಅಡಿನೋಮಾಗೆ ನಂಟಿರುವ ಗರ್ಭನಿರೋಧಕ ಮಾತ್ರೆ ಅಥವಾ ಜಿಮ್‌ನ ಸ್ಟೆರಾಯ್ಡ್ ತೆಗೆದುಕೊಳ್ಳುವವರು ಅದನ್ನು ಡಾಕ್ಟರಿಗೆ ಹೇಳಬೇಕು. ಅಂಚು ಮಾತ್ರ ಬಳೆಯ ಹಾಗೆ ಹೊಳೆದು, ಡಿಫ್ಯೂಷನ್‌ನಲ್ಲಿ ಎದ್ದು ಕಾಣುವ ಹಲವು ಗಡ್ಡೆ ಇದ್ದರೆ ಬೇರೆ ಅಂಗದಿಂದ ಹರಡಿದ್ದಾ ಅಂತ ಹುಡುಕುತ್ತಾರೆ. ಕೀವಿನ ಗಡ್ಡೆಯೂ ಅಂಚಿನಲ್ಲೇ ಹೊಳೆಯುತ್ತದೆ, ಅದಕ್ಕೇ ಜ್ವರ ಇತ್ತಾ ಅನ್ನುವ ಸಾಲು ಚೀಟಿಯಲ್ಲಿ ಬೇಕು. ಇನ್ನು ಕೆಲವು ಸಲ ಗಡ್ಡೆಯೇ ಇರುವುದಿಲ್ಲ. ಒಂದು ಕಡೆ ಕೊಬ್ಬು ಜಾಸ್ತಿ ಕೂತಿರುವುದು ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆಯ ಹಾಗೆ ಕಂಡಿರುತ್ತದೆ, ಔಟ್-ಫೇಸ್ ಚಿತ್ರದಲ್ಲಿ ಅದು ಬಯಲಾಗುತ್ತದೆ.

ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ದೊಡ್ಡವರ ವರದಿಯಲ್ಲಿ ಎಲ್‌ಆರ್ ಅಂತ ಒಂದು ದರ್ಜೆ ಇರುತ್ತದೆ. ಇದು ಲೈ-ರ್‍ಯಾಡ್ಸ್ ಎಂಬ ಕ್ರಮ. ಎಲ್‌ಆರ್-1 ಖಂಡಿತ ನಿರುಪದ್ರವಿ, ಎಲ್‌ಆರ್-3 ಮಧ್ಯದ್ದು, ಎಲ್‌ಆರ್-5 ಖಚಿತ ಲಿವರ್ ಕ್ಯಾನ್ಸರ್. ಎಲ್‌ಆರ್-ಎಂ ಅಂದರೆ ಕ್ಯಾನ್ಸರ್ ಅನುಮಾನ, ಆದರೆ ಲಿವರ್‌ನ ಸ್ವಂತ ಬಗೆಯದ್ದೇ ಅಂತ ಹೇಳಲಾಗದ್ದು. ಕ್ಯಾನ್ಸರ್ ಗಡ್ಡೆ ಅಪಧಮನಿಯ ರಕ್ತ ಕುಡಿದು ಮೊದಲು ಹೊಳೆಯುತ್ತದೆ, ಆಮೇಲೆ ಸುತ್ತಲಿನ ಲಿವರ್‌ಗಿಂತ ಬೇಗ ಕಪ್ಪಾಗುತ್ತದೆ. ಇದಕ್ಕೆ ವಾಶ್‌ಔಟ್ ಅನ್ನುತ್ತಾರೆ. ಸಿರೋಸಿಸ್ ಇರುವವರಲ್ಲಿ ಇದು ಸ್ಪಷ್ಟವಾಗಿ ಕಂಡರೆ ಬಯಾಪ್ಸಿ ಇಲ್ಲದೆಯೂ ಚಿಕಿತ್ಸೆ ಶುರು ಮಾಡಬಹುದು. ಆದರೆ ಆರೋಗ್ಯವಾದ ಲಿವರ್ ಇರುವವರಿಗೆ ಈ ದರ್ಜೆ ಅನ್ವಯಿಸುವುದಿಲ್ಲ. ಅಂಥವರ ವರದಿಯಲ್ಲಿ ಎಲ್‌ಆರ್ ಕಂಡರೆ ಯಾಕೆ ಹಾಕಿದ್ದಾರೆ ಅಂತ ಕೇಳಿ.

ಎಲ್‌ಆರ್-ಎನ್‌ಸಿ ಅಂತಿದ್ದರೆ ಚಿತ್ರ ಹಾಳಾಗಿದೆ ಅಥವಾ ಯಾವುದೋ ಹಂತ ತಪ್ಪಿದೆ, ದರ್ಜೆ ಹಾಕಲು ಆಗಲಿಲ್ಲ ಅಂತ ಅರ್ಥ. ಗಡ್ಡೆ ಇಲ್ಲ ಅಂತ ಅರ್ಥ ಅಲ್ಲ. ಇದನ್ನು ನೋಡಿ ನಿಟ್ಟುಸಿರು ಬಿಟ್ಟು ಮನೆಗೆ ಹೋದವರನ್ನು ಕಂಡಿದ್ದೇನೆ. ಯಾವ ಹಂತ ತಪ್ಪಿತು, ಮತ್ತೆ ಎಂಆರ್‌ಐ ಬೇಕಾ, ಸಿ.ಟಿ. ಸಾಕಾ ಅಂತ ಅದೇ ವಾರ ಕೇಳಿ.

ಹಂತ 11: ಮುಂದಿನ ತಾರೀಖು

ಎಲ್‌ಆರ್-3 ಬಂದವರಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಮತ್ತೆ ಚಿತ್ರ ಬೇಕು. ಸಿರೋಸಿಸ್ ಇರುವವರಿಗೆ ಗಡ್ಡೆ ಇಲ್ಲದಿದ್ದರೂ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲು ಹೇಳುತ್ತಾರೆ. ನವೆಂಬರ್‌ನಲ್ಲಿ ಪರೀಕ್ಷೆ ಆದವರ ತಾರೀಖು ಕಾಫಿ ಕೊಯ್ಲಿನ ಮಧ್ಯೆ ಬರುತ್ತದೆ, "ಕೊಯ್ಲು ಮುಗಿಯಲಿ" ಅಂತ ಮುಂದೂಡಿ ಮಳೆಗಾಲಕ್ಕೆ ಬರುತ್ತಾರೆ. ಅಷ್ಟರಲ್ಲಿ 1 ಸೆಂಟಿಮೀಟರ್ ಇದ್ದದ್ದು 3 ಆಗಿರುವುದನ್ನು ನೋಡಿದ್ದೇನೆ. ಆದಷ್ಟು ಅದೇ ಕೇಂದ್ರ, ಅದೇ ಔಷಧದಲ್ಲಿ ಮಾಡಿಸಿ, ಹೋಲಿಸುವುದು ಸುಲಭ. ಮುಂದಿನ ತಾರೀಖನ್ನು ಫಿಲ್ಮ್ ಕವರಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆಯಿರಿ, ಕ್ಯಾಲೆಂಡರಿನಲ್ಲೂ ಬರೆಯಿರಿ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಹಾಕಿಸಿಡಿ.